ಎಂಡೋಸಲ್ಫಾನ್ ನಿಷೇಧ ಮತ್ತು ರೈತರು

ಗೇರು ಚಿಗುರಿ ಹೂ ಬಿಡುವ ಕಾಲದಲ್ಲಿ ಟೀ ಸೊಳ್ಳೆಯ ಬಾಧೆ ತಗಲಿದರೆ ಫಸಲು ಕೈಗೆ ಹತ್ತುವುದಿಲ್ಲ. ಈ ಕೀಟದ ಹತೋಟಿಗೆಂದು ದಕ್ಷಿಣ ಕನ್ನಡದ ಸರ್ಕಾರಿ ಗೇರು ತೋಟಗಳ ಮೇಲೆ 1980ರ ದಶಕದಿಂದ 2000ದ ಸುಮಾರಿನವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಔಷಧಿ ತೋಟದ ಬೇಲಿಯೊಳಗೇ ನಿಲ್ಲಲಿಲ್ಲ. ಕೊಕ್ಕಡ, ಪಟ್ರಮೆ, ನಿಡ್ಲೆಯಂಥ ಗ್ರಾಮಗಳ ಮನೆ, ಬಾವಿ, ಮೇವಿನ ಮೇಲೂ ಬಿದ್ದಿತು. ಪೀಡಿತರೆಂದು ಗುರುತಿಸಲಾದವರಿಗೆ ರಾಜ್ಯ ಸರ್ಕಾರ ಮಾಸಾಶನ ಕೊಡುತ್ತಿದೆ.

ಇದು ಕ್ಲೋರಿನ್ ಉಳ್ಳ ಕೀಟನಾಶಕ. ಮಣ್ಣಿನಲ್ಲಿ ಒಡೆದಾಗ ಉಂಟಾಗುವ ಎಂಡೋಸಲ್ಫಾನ್ ಸಲ್ಫೇಟ್ ಸಹ ವಿಷವೇ. ಅದು ಮೂಲವಸ್ತುವಿಗಿಂತ ಹೆಚ್ಚು ಕಾಲ ಉಳಿಯುತ್ತದೆ. ಗಾಳಿಯೊಡನೆ ದೂರ ಸಾಗಿ, ಬೇಸಾಯವೇ ಇಲ್ಲದ ಉತ್ತರ ಧ್ರುವ ಪ್ರದೇಶದಲ್ಲೂ ಕಂಡುಬಂದಿದೆ. ಇಂಥ ವಿಷಕ್ಕೆ ಒಂದು ದೇಶದ ಕಾನೂನು ಸಾಲದು. ಅದಕ್ಕಾಗಿಯೇ 2001ರಲ್ಲಿ ಸ್ಟಾಕ್‌ಹೋಮ್ ಒಪ್ಪಂದವಾಯಿತು. 2006ರಲ್ಲಿ ಭಾರತ ಅದನ್ನು ಅನುಮೋದಿಸಿತು. 2011ರ ಏಪ್ರಿಲ್‌ನಲ್ಲಿ ಎಂಡೋಸಲ್ಫಾನ್ ಅದರ ನಿರ್ಮೂಲನ ಪಟ್ಟಿಗೆ ಸೇರಿತು. ಕೆಲವು ಬೆಳೆಗಳ ಕೀಟಗಳಿಗೆ ಮಾತ್ರ ತಾತ್ಕಾಲಿಕ ವಿನಾಯಿತಿ ಇತ್ತು. ನಮ್ಮ ಸುಪ್ರೀಂ ಕೋರ್ಟು ಅಷ್ಟಕ್ಕೂ ಕಾಯದೆ, 2011ರ ಮೇ 13ರಂದೇ ತಯಾರಿಕೆ, ಮಾರಾಟ, ಬಳಕೆ ಮೂರನ್ನೂ ತಡೆಯಿತು.

ಅಟ್ಟದ ಮೇಲೆ ಹಳೆಯ ಡಬ್ಬ ಉಳಿದಿದ್ದರೆ, ದುಡ್ಡು ಕೊಟ್ಟು ತಂದದ್ದೆಂದು ಸಿಂಪಡಿಸಕೂಡದು. ಕೆರೆ ಹಳ್ಳಕ್ಕೆ ಸುರಿಯುವುದೂ, ಸುಡುವುದೂ ತಪ್ಪು. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಟ್ಟು ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಬೇಕು. ಔಷಧಿ ಯಾವುದೇ ಇರಲಿ, ಖಾಲಿ ಡಬ್ಬದಲ್ಲಿ ನೀರು, ಎಣ್ಣೆ ತುಂಬುವ ಚಾಳಿ ಹಳ್ಳಿಗಳಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. 1971ರ ಕೀಟನಾಶಕ ನಿಯಮಗಳ ಪ್ರಕಾರ ಅಂಥ ಡಬ್ಬಗಳನ್ನು ಒಡೆದು, ಜನವಸತಿಯಿಂದ ದೂರ ಹೂಳಬೇಕು.