ಹಿತ್ತಿಲ ಮಾವು

ಹೊರಗೆ ಸಿಪ್ಪೆ, ಒಳಗೆ ತಿರುಳು, ತಿರುಳಿನ ನಡುವೆ ಬೀಜವನ್ನು ಅಡಗಿಸಿಕೊಂಡ ಗಟ್ಟಿಯಾದ ಗೊರಟು. ಹೀಗೆ ರಚನೆಗೊಂಡ ಫಲಗಳನ್ನು ಸಸ್ಯಶಾಸ್ತ್ರಜ್ಞರು ಒಂದೇ ಗುಂಪಿಗೆ ಸೇರಿಸುತ್ತಾರೆ. ಶೀತಪ್ರದೇಶಗಳ ಪೀಚ್, ಪ್ಲಮ್, ಚೆರಿಗಳು ಈ ಗುಂಪಿನವು. ನಮ್ಮ ಮಾವು, ಅಮಟೆಗಳೂ ಇದೇ ಗುಂಪಿನವು. ತೆಂಗಿನಕಾಯಿಯೂ ಇಲ್ಲಿಗೇ ಸೇರಿದ್ದೆಂದರೆ ಕೆಲವರಿಗೆ ಅಚ್ಚರಿಯಾದೀತು. ಅದರ ಗೆರಟೆಯೇ ಅದರ ಗೊರಟು.

ಗುಂಪು ಒಂದೇ ಆದರೂ ಇವುಗಳ ಸ್ವಭಾವ ಬೇರೆ ಬೇರೆ. ಪೀಚ್, ಪ್ಲಮ್ ಮರಗಳು ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ರಿಸುತ್ತವೆ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯನ್ನು ನೂರಾರು ಗಂಟೆಗಳ ಕಾಲ ಉಂಡ ಬಳಿಕವೇ ಅವುಗಳ ಮೊಗ್ಗು ಸರಿಯಾಗಿ ಕಣ್ತೆರೆಯುವುದು. ಅಲ್ಪ ಚಳಿಯೇ ಸಾಕೆನ್ನುವ ತಳಿಗಳೂ ಉಂಟು. ಅವು ನೀಲಗಿರಿಯ ಕೂನೂರಿನಂತಹ ಎತ್ತರದ ಊರುಗಳಲ್ಲಿ ಫಲ ಕೊಡುತ್ತವೆ. ಉಡುಪಿಯಲ್ಲಾಗಲಿ ಕಾಪುವಿನಲ್ಲಾಗಲಿ ಜನವರಿಯ ಮುಂಜಾವವೂ ಅಷ್ಟು ತಣ್ಣಗಾಗುವುದಿಲ್ಲ. ಬಣ್ಣದ ಚಿತ್ರಕ್ಕೆ ಮರುಳಾಗಿ ಇಲ್ಲಿ ಪ್ಲಮ್ ಸಸಿ ನೆಟ್ಟವರಿಗೆ ಎಲೆ ಕಂಡೀತು, ಹಣ್ಣು ಕಾಣುವುದು ದುರ್ಲಭ. ಕರಾವಳಿಯ ಹಿತ್ತಿಲಿಗೆ ಒಪ್ಪುವುದು ಮಾವೇ ಸರಿ.

ಆದರೆ ಯಾವ ಮಾವು? ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಮುಂಗಾರು ಕಾಲಿಡುವ ಮೊದಲೇ ಫಸಲು ಮನೆ ಸೇರಬೇಕು. ಮಳೆಗೆ ಸಿಕ್ಕಿದ ಹಣ್ಣಿನ ಮೇಲೆ ಚಿಬ್ಬುರೋಗದ ಕಪ್ಪು ಕಲೆ, ಒಳಗೆ ಹಣ್ಣುನೊಣದ ಹುಳು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ದಶಹರಿ ಮತ್ತು ನೀಲಂ ತಳಿಗಳ ಸಂಕರದಿಂದ ಹುಟ್ಟಿದ ಆಮ್ರಪಾಲಿ ಗಿಡ್ಡ ಮರ, ಪ್ರತಿವರ್ಷ ಫಲ ಕೊಡುವಂಥದು. ಕಿರಿದಾದ ಹಿತ್ತಿಲಿಗೆ ಹೇಳಿ ಮಾಡಿಸಿದಂತೆ ತೋರುತ್ತದೆ. ಆದರೆ ಅದು ಮಾಗುವುದು ತಡ. ನಮ್ಮವರು ಬಹುಕಾಲದಿಂದ ಮೆಚ್ಚಿಕೊಂಡು ಬಂದ ಮುಂಡಪ್ಪ, ಚಿಕ್ಕ ಹಣ್ಣಿನ ಕಾಲಪಾಡಿ ಇವುಗಳ ಕಡೆಗೇ ನನ್ನ ಒಲವು. ಜಾಗ ಕಡಿಮೆಯಿದ್ದರೆ ಕಾಲಪಾಡಿ ಲೇಸು. ಅದರ ಮರ ಬಹಳ ಎತ್ತರಕ್ಕೆ ಹೋಗದು.

ನೆಡುವ ವಿಚಾರದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಮಣಿಪಾಲದಂತಹ ಮುರಕಲ್ಲಿನ ಗುಡ್ಡದಲ್ಲಿ ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿ ತೋಡಿ ಮೇಲ್ಮಣ್ಣನ್ನೂ ಹಟ್ಟಿಗೊಬ್ಬರವನ್ನೂ ತುಂಬಬೇಕು. ಕಲ್ಲಿನ ಗುಂಡಿ ಮಳೆಗಾಲದಲ್ಲಿ ಬಾವಿಯಾಗದಂತೆ ನೀರು ಹರಿದುಹೋಗಲು ದಾರಿ ಬಿಡಬೇಕು. ಕಸಿಯ ಗಂಟು ಮಣ್ಣಿನಿಂದ ಮೇಲಿರಬೇಕು; ಅದರ ಕೆಳಗೆ ಮೂಡುವ ಚಿಗುರುಗಳನ್ನು ಆಗಾಗ ಚಿವುಟಬೇಕು, ಇಲ್ಲವಾದರೆ ಕಾಲಕ್ರಮದಲ್ಲಿ ಬೇರುಗಿಡವೇ ಮರವಾಗಿ ಮುಂಡಪ್ಪ ಮಾಯವಾಗುತ್ತದೆ.

ಸವರುವ ಕೆಲಸವನ್ನು ನಮ್ಮಲ್ಲಿ ಬಹುಮಂದಿ ಅಲಕ್ಷಿಸುತ್ತಾರೆ. ಮಾವಿನ ಮರ ತನ್ನಷ್ಟಕ್ಕೆ ಬೆಳೆಯುತ್ತದೆ, ಅದಕ್ಕೇನು ಕ್ಷೌರ ಎಂಬ ಭಾವನೆ. ಫಲವಾಗಿ ಮರವು ಹಂಚಿನ ಮಾಡನ್ನು ಮೀರಿ ಬೆಳೆದು, ಹಣ್ಣು ಕಾಗೆ ಬಾವಲಿಗಳ ಪಾಲಾಗುತ್ತದೆ. ಆಷಾಢದ ಗಾಳಿಗೆ ಕೊಂಬೆಯೊಂದು ಮುರಿದರೆ ಹಂಚು ಪುಡಿಯಾಗುತ್ತದೆ. ಗಿಡ ಎಳೆಯದಿರುವಾಗಲೇ ಆರಂಭಿಸಿದರೆ ಕೆಲಸ ಸುಲಭ. ನೆಲದಿಂದ ಸುಮಾರು 70 ಸೆಂಟಿಮೀಟರ್ ಎತ್ತರದಲ್ಲಿ ತುದಿ ಕತ್ತರಿಸಿ, ಬಳಿಕ ಒಡೆಯುವ ಚಿಗುರುಗಳಲ್ಲಿ ಬೇರೆ ಬೇರೆ ದಿಕ್ಕಿಗೆ ಚಾಚಿದ ಮೂರು ನಾಲ್ಕನ್ನು ಮಾತ್ರ ಉಳಿಸಿಕೊಳ್ಳಬೇಕು. ಮೊದಲ ಎರಡು ಮೂರು ವರ್ಷ ಹೂ ಬಂದರೂ ಕಿತ್ತುಹಾಕಬೇಕು. ಮನಸ್ಸಿಗೆ ಕಷ್ಟವೇ; ಆದರೆ ಎಳೆಯ ಗಿಡ ಕಾಯಿ ಹೊತ್ತರೆ ಅದರ ಬೆಳವಣಿಗೆ ಕುಂಠಿತವಾಗುತ್ತದೆ.

ಫಲ ಕೊಡುವ ಮರವನ್ನು ಯಾವಾಗ ಸವರಬೇಕೆಂಬುದಕ್ಕೆ ಮರವೇ ಉತ್ತರ ಹೇಳುತ್ತದೆ. ಮಾವಿನ ಹೂ ಬಲಿತ ಕೊಂಬೆಯ ತುದಿಯಲ್ಲಿ ಮೂಡುತ್ತದೆ. ಸವರಿದ ಮೇಲೆ ಹುಟ್ಟಿದ ಚಿಗುರು ಬಲಿಯಲು ಹಲವು ತಿಂಗಳು ಬೇಕು. ನವೆಂಬರ್‌ನಲ್ಲಿ ಕತ್ತರಿ ಹಿಡಿದವನು ಬರಲಿರುವ ಹೂವನ್ನೇ ಕತ್ತರಿಸಿದಂತಾಯಿತು. ಕೊನೆಯ ಹಣ್ಣು ಇಳಿದೊಡನೆ, ಮುಂಗಾರು ಬಲಗೊಳ್ಳುವ ಮುನ್ನ, ಮೇ ತಿಂಗಳ ಕೊನೆಯ ಒಣ ದಿನಗಳೇ ಪ್ರಶಸ್ತ. ಒಣಗಿದ, ಒಂದಕ್ಕೊಂದು ಉಜ್ಜುವ, ಒಳಗೆ ಬಿಸಿಲನ್ನು ತಡೆಯುವ ಕೊಂಬೆಗಳನ್ನು ಮೊದಲು ತೆಗೆಯಬೇಕು. ಬಂದಳಿಕೆ ಹತ್ತಿದ ರೆಂಬೆಯನ್ನು ಅದು ಬೇರೂರಿದ ಜಾಗಕ್ಕಿಂತ ಕೆಳಗೆ ಕೊಯ್ಯಬೇಕು. ಬಂದಳಿಕೆಯ ಎಲೆ ಕಿತ್ತರೆ ಅದು ಮತ್ತೆ ಚಿಗುರುತ್ತದೆ. ದಪ್ಪ ಕೊಂಬೆಗೆ ಕತ್ತಿ ಸಲ್ಲದು, ಗರಗಸ ಬೇಕು: ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದು ಆಮೇಲೆ ಮೇಲಿನಿಂದ ಕೊಯ್ದರೆ ತೊಗಟೆ ಸೀಳಿ ಕಾಂಡಕ್ಕೆ ಗಾಯವಾಗುವುದಿಲ್ಲ. ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಬೇಕು. ಕಾರ್ಕಳದ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಬೆರಸಿ ಸಿಂಪಡಿಸುವರಷ್ಟೆ. ನೀರನ್ನು 10 ಲೀಟರ್‌ಗೆ ಇಳಿಸಿದರೆ ಅದೇ ಮುಲಾಮು.

ಹಲವು ದಶಕಗಳ ಮುದಿಮರವಾದರೆ ಅವಸರ ಬೇಡ. ಒಂದೇ ವರ್ಷದಲ್ಲಿ ಬೋಳಿಸದೆ, ಮೂರು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಇಂತಹ ಮರಗಳಲ್ಲಿ ಹೆಚ್ಚಿನವು ಯಾರೂ ಹೆಸರಿಡದ ಕಾಟುಮಾವು. ಒಂದರ ಮಿಡಿ ಉಪ್ಪಿನಕಾಯಿಗೆ, ಇನ್ನೊಂದರ ಹಣ್ಣು ಗೊಜ್ಜಿಗೆ, ಮತ್ತೊಂದರ ರಸ ಮಾಂಬಳಕ್ಕೆ. ಹೆದ್ದಾರಿ ಅಗಲವಾದಾಗ ದಾರಿಬದಿಯ ಎಷ್ಟೋ ಮರಗಳು ಉರುಳಿದವು. ಹೊಸಮನೆ ಕಟ್ಟುವಾಗ ಹಿತ್ತಿಲವೂ ಹೋಗುತ್ತಿವೆ. ಗೊರಟು ಊರಿದರೆ ಸಾಕಲ್ಲ ಎನ್ನುವವರಿದ್ದಾರೆ. ಪಶ್ಚಿಮ ಕರಾವಳಿಯ ಬಪ್ಪಕಾಯಿ ಮೊದಲಾದ ಕೆಲವು ತಳಿಗಳ ಒಂದೇ ಗೊರಟಿನಿಂದ ಹಲವು ಸಸಿಗಳೇಳುತ್ತವೆ. ಅವುಗಳಲ್ಲಿ ಹೆಚ್ಚಿನವು ತಾಯಿಯ ಪಡಿಯಚ್ಚು. ಉಳಿದವುಗಳಲ್ಲಿ ಹಾಗಲ್ಲ: ಮಗಳು ತಾಯಿಯನ್ನು ಹೋಲಬೇಕೆಂಬ ನಿಯಮವಿಲ್ಲ. ಮರ ಹೋದರೆ ಆ ರುಚಿಯೂ ಹೋಯಿತು.

ಅದನ್ನು ಉಳಿಸಿಕೊಳ್ಳುವ ಉಪಾಯ ಗೊರಟು ಕಸಿ. ನಮ್ಮ ಜೂನ್, ಜುಲೈ ತಿಂಗಳ ತೇವದ ಗಾಳಿ ಇದಕ್ಕೆ ಬಹಳ ಅನುಕೂಲ. ಯಾವುದಾದರೂ ಗೊರಟಿನಿಂದೆದ್ದ, ಎರಡು ವಾರದೊಳಗಿನ, ಇನ್ನೂ ತಾಮ್ರವರ್ಣದ ಎಳೆಸಸಿಯ ತಲೆ ಕತ್ತರಿಸಿ ಕಾಂಡವನ್ನು ಸೀಳಬೇಕು. ಬೇಕಾದ ಮರದ ಬಲಿತ ಕಡ್ಡಿಯ ಎಲೆಗಳನ್ನು ವಾರದ ಮೊದಲೇ ತೊಟ್ಟುಳಿಸಿ ಕತ್ತರಿಸಿಟ್ಟಿರಬೇಕು. ಆ ಕಡ್ಡಿಯ ಬುಡವನ್ನು ಬೆಣೆಯಂತೆ ಹೆರೆದು ಸೀಳಿನಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ನೆರಳಲ್ಲಿಡಬೇಕು. ಎರಡು ಮೂರು ವಾರಗಳಲ್ಲಿ ಕಡ್ಡಿ ಚಿಗುರುತ್ತದೆ. ಮುಂದಿನ ಮಳೆಗಾಲಕ್ಕೆ ಗಿಡ ಗುಂಡಿಗೆ ಸಿದ್ಧವಾಗಿರುತ್ತದೆ.