ಅರ್ಕಾವತ್ತಿನಂತೆ ಕೆಲಸ ಮಾಡುವ ಇಂಗ್ಲಿಷ್ ‘ಇ’

ಬೋಧನಾಭ್ಯಾಸದ ಎರಡನೆಯ ವಾರ. ಎಂಟನೆಯ ತರಗತಿಗೆ ಬಿಸಿನೀರು ಆರುವುದನ್ನು ಥರ್ಮಾಮೀಟರಿನಿಂದ ಅಳೆಯುವ ಚಟುವಟಿಕೆ ಕೊಟ್ಟಿದ್ದೆ. ಏಳನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಇಂಗ್ಲಿಷ್ ಮಾಧ್ಯಮದ ವಿಭಾಗಕ್ಕೆ ಬಂದ ಮಕ್ಕಳೇ ಅಲ್ಲಿ ಹೆಚ್ಚು. ಪ್ರತಿ ಗುಂಪಿಗೂ ನಾನೇ ಇಂಗ್ಲಿಷಿನಲ್ಲಿ ಬರೆದ ಒಂದೊಂದು ಸೂಚನಾ ಕಾರ್ಡು ಕೊಟ್ಟಿದ್ದೆ. ‘ನೋಟ್ ದ ರೀಡಿಂಗ್’ ಎಂಬುದು ಅದರ ಮೂರನೆಯ ಸಾಲು. ಅವಧಿ ಮುಗಿಯುವ ಹೊತ್ತಿಗೂ ಒಂದು ಗುಂಪಿನ ಕೋಷ್ಟಕ ಖಾಲಿಯಾಗಿತ್ತು. ‘ಯಾಕೆ ಬರೆದಿಲ್ಲ?’ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ. ಒಬ್ಬ ಹುಡುಗಿ ಕಾರ್ಡಿನ ಮೇಲೆ ಬೆರಳಿಟ್ಟು, ‘ಇಲ್ಲಿ ನಾಟ್ ಅಂತ ಇದೆಯಲ್ಲ ಮಿಸ್, ಬರೀಬಾರದು ಅಂದ್ಕೊಂಡ್ವಿ’ ಎಂದಳು.

ಆ ಮಕ್ಕಳು ಸೂಚನೆಯನ್ನು ಮೀರಿರಲಿಲ್ಲ. ತಾವು ಓದಿಕೊಂಡಂತೆ ಪಾಲಿಸಿದ್ದರು. ‘ನಾಟ್’ ಮತ್ತು ‘ನೋಟ್’ ನಡುವೆ ಇರುವುದು ಒಂದೇ ಅಕ್ಷರ, ಕೊನೆಯ ‘ಇ’. ಅದು ಕಣ್ಣಿಗೆ ಬೀಳದಿದ್ದರೆ ‘ಬರೆದುಕೊಳ್ಳಿ’ ಎಂಬುದು ‘ಬೇಡ’ ಎಂದಾಗುತ್ತದೆ. ಅಂದು ನಾನು ತಿದ್ದಬೇಕಾಗಿದ್ದದ್ದು ಅವರ ಶಿಸ್ತನ್ನಲ್ಲ, ಓದನ್ನು. ವಿಜ್ಞಾನ, ಗಣಿತ ಬೋಧಿಸುವ ನಮಗೂ ಈ ಕೆಲಸ ಸೇರಿದ್ದು ಎಂಬುದಕ್ಕೆ ನಮ್ಮ ಪಠ್ಯಗಳಲ್ಲೇ ಸಿಗುವ ಜೋಡಿಗಳನ್ನು ನೋಡಿ.

ಟಬ್ ಎಂದರೆ ನೀರಿನ ತೊಟ್ಟಿ. ‘ಇ’ ಸೇರಿದರೆ ಟ್ಯೂಬ್, ಅಂದರೆ ನಳಿಕೆ.
ಕಬ್ ಎಂದರೆ ಹುಲಿ, ಸಿಂಹ, ಕರಡಿಗಳ ಮರಿ. ‘ಇ’ ಸೇರಿದರೆ ಕ್ಯೂಬ್, ಅಂದರೆ ಘನ.
ಪ್ಲಾನ್ ಎಂದರೆ ಯೋಜನೆ ಅಥವಾ ನಕ್ಷೆ. ‘ಇ’ ಸೇರಿದರೆ ಪ್ಲೇನ್, ಅಂದರೆ ಸಮತಲ.
ರ‍್ಯಾಟ್ ಎಂದರೆ ಇಲಿ. ‘ಇ’ ಸೇರಿದರೆ ರೇಟ್, ಅಂದರೆ ದರ.
ಸ್ಲಿಡ್ ಎಂದರೆ ಜಾರಿದ; ‘ಇ’ ಸೇರಿದರೆ ಸ್ಲೈಡ್, ಅಂದರೆ ಜಾರು, ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಯೂ ಹೌದು.

ಈ ‘ಇ’ಗೆ ತನ್ನದೇ ಆದ ಉಚ್ಚಾರಣೆ ಇಲ್ಲ. ತನಗಿಂತ ಒಂದು ವ್ಯಂಜನ ಹಿಂದೆ ಇರುವ ಸ್ವರವನ್ನು ಅದು ಬದಲಿಸುತ್ತದೆ. ಆಗ ಆ ಸ್ವರ ವರ್ಣಮಾಲೆಯಲ್ಲಿ ತನಗಿರುವ ಹೆಸರನ್ನೇ ಹೇಳುತ್ತದೆ: ರೇಟ್‌ನಲ್ಲಿ ‘ಏ’, ಸ್ಲೈಡ್‌ನಲ್ಲಿ ‘ಐ’, ನೋಟ್‌ನಲ್ಲಿ ‘ಓ’, ಟ್ಯೂಬ್‌ನಲ್ಲಿ ‘ಯೂ’.

ಕನ್ನಡ ಓದಿ ಬಂದ ಮಗುವಿಗೆ ತೊಡಕಾಗುವುದು ಇಲ್ಲಿಯೇ. ಹ್ರಸ್ವ ದೀರ್ಘವಾದರೆ ಅರ್ಥ ಬದಲಾಗುತ್ತದೆ ಎಂಬುದು ಅದಕ್ಕೆ ಹೊಸದಲ್ಲ. ಬಳೆ ಬೇರೆ, ಬಾಳೆ ಬೇರೆ. ನಡು ಬೇರೆ, ನಾಡು ಬೇರೆ. ಆದರೆ ನಮ್ಮ ಲಿಪಿಯಲ್ಲಿ ದೀರ್ಘದ ಗುರುತು ಆಯಾ ಅಕ್ಷರಕ್ಕೇ ಅಂಟಿಕೊಂಡಿರುತ್ತದೆ. ಇಂಗ್ಲಿಷಿನಲ್ಲಿ ಅದು ಪದದ ತುದಿಯಲ್ಲಿದೆ. ಎಡದಿಂದ ಬಲಕ್ಕೆ ಅಕ್ಷರ ಕೂಡಿಸುತ್ತ ಹೋಗುವ ಮಗು ‘ಇ’ ತಲುಪುವಷ್ಟರಲ್ಲಿ ಸ್ವರವನ್ನು ಉಚ್ಚರಿಸಿ ಮುಗಿಸಿರುತ್ತದೆ.

ಹಾಗಾದರೆ ಮುಂದೆ ಬಂದು ಹಿಂದೆ ಕೆಲಸ ಮಾಡುವ ಗುರುತು ಕನ್ನಡದಲ್ಲಿ ಇಲ್ಲವೇ? ಇದೆ, ಅರ್ಕಾವತ್ತು. ‘ಧರ್ಮ’, ‘ಸೂರ್ಯ’ ಬರೆಯುವಾಗ ಅರ್ಕಾವತ್ತು ಮಕಾರ, ಯಕಾರಗಳ ಬಲಕ್ಕೆ ಬರುತ್ತದೆ. ಓದುವಾಗ ರೇಫವನ್ನು ಅವುಗಳಿಗಿಂತ ಮೊದಲೇ ಉಚ್ಚರಿಸುತ್ತೇವೆ. ಇದನ್ನು ಮಕ್ಕಳು ಕೆಳಗಿನ ತರಗತಿಗಳಲ್ಲೇ ಕಲಿತಿದ್ದಾರೆ. ಕಣ್ಣನ್ನು ಒಂದು ಹೆಜ್ಜೆ ಮುಂದೆ ಕಳಿಸಿ ನಾಲಿಗೆಯನ್ನು ಹಿಂದೆ ಇಟ್ಟುಕೊಳ್ಳುವ ಅಭ್ಯಾಸ ಅವರಿಗೆ ಆಗಿದೆ. ಆ ಅಭ್ಯಾಸವನ್ನೇ ಇಂಗ್ಲಿಷಿಗೆ ಒಯ್ಯಬೇಕು. ವ್ಯತ್ಯಾಸವನ್ನೂ ಹೇಳಬೇಕು: ಅರ್ಕಾವತ್ತಿಗೆ ಧ್ವನಿಯಿದೆ, ಈ ‘ಇ’ ಮೌನವಾಗಿರುತ್ತದೆ.

ಮೌನವಾಗಿರುವ ಅಕ್ಷರವನ್ನು ಬರೆಯುವುದೇಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಒಂದು ಕಾಲಕ್ಕೆ ಅದು ಮೌನವಾಗಿರಲಿಲ್ಲ. ಇಂದಿನ ‘ನೇಮ್’ ಪದವನ್ನು ಮಧ್ಯಕಾಲದ ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ ನಮ್ಮ ‘ನಾಮ’ದಂತೆ, ಎರಡು ಉಚ್ಚಾರಾಂಶಗಳಾಗಿ ಹೇಳುತ್ತಿದ್ದರು. ಎರಡೂ ಒಂದೇ ಮೂಲದಿಂದ ಬಂದ ಪದಗಳು. ಕ್ರಮೇಣ ಕೊನೆಯ ಸ್ವರ ಬಿದ್ದುಹೋಯಿತು, ಮೊದಲ ದೀರ್ಘ ಸ್ವರ ಉಳಿಯಿತು. ಮುಂದೆ ಸುಮಾರು 1400ರಿಂದ 1700ರವರೆಗೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಸ್ಥಾನ ಬದಲಿಸಿದವು. ‘ನಾ’ ಎಂಬುದು ‘ನೇ’ ಆಯಿತು. ವಿಲಿಯಂ ಕ್ಯಾಕ್ಸ್ಟನ್ ಇಂಗ್ಲೆಂಡಿಗೆ ಮುದ್ರಣಯಂತ್ರ ತಂದದ್ದು 1476ರಲ್ಲಿ, ಈ ಬದಲಾವಣೆ ನಡೆಯುತ್ತಿದ್ದಾಗಲೇ. ಉಚ್ಚಾರಣೆ ಮುಂದೆ ಸಾಗಿತು, ಕಾಗುಣಿತ ಹಿಂದೆ ಉಳಿಯಿತು. ಉಳಿದ ‘ಇ’ ಮಾತ್ರ ದೀರ್ಘದ ಗುರುತಾಗಿ ಹೊಸ ಕೆಲಸ ಪಡೆಯಿತು.

ತರಗತಿಯಲ್ಲಿ ನಾನು ಅನುಸರಿಸಿದ ಕ್ರಮ ಸರಳ. ಕಪ್ಪುಹಲಗೆಯಲ್ಲಿ ‘ಧರ್ಮ’ ಬರೆದು ಓದಿಸಿದೆ. ಅರ್ಕಾವತ್ತನ್ನು ಯಾವಾಗ ಉಚ್ಚರಿಸಿದಿರಿ ಎಂದು ಕೇಳಿದೆ. ಬಳಿಕ ಪಕ್ಕದಲ್ಲಿ ಇಂಗ್ಲಿಷಿನ ‘ಟಬ್’ ಬರೆದು, ಕೊನೆಗೆ ಬಣ್ಣದ ಸೀಮೆಸುಣ್ಣದಿಂದ ‘ಇ’ ಸೇರಿಸಿ, ಅದರಿಂದ ಸ್ವರದವರೆಗೆ ಹಿಮ್ಮುಖವಾಗಿ ಒಂದು ಬಾಣ ಎಳೆದೆ. ಮಕ್ಕಳೇ ‘ಟ್ಯೂಬ್!’ ಎಂದರು. ಮೇಜಿನ ಮೇಲೆ ಬಕೆಟ್ಟಿನ ಬದಲು ಒಂದು ಪ್ಲಾಸ್ಟಿಕ್ ಟಬ್ ಮತ್ತು ಪ್ರನಾಳ ಇಟ್ಟಿದ್ದೆ. ಓದಿದ ಪದಕ್ಕೆ ತಕ್ಕ ವಸ್ತುವನ್ನು ಅವರು ಎತ್ತಿ ತೋರಿಸಬೇಕಿತ್ತು.

ವಸ್ತು ತೋರಿಸುವ ಹಂತವನ್ನು ಬಿಡಬಾರದು. ‘ಟಬ್, ಕಬ್, ರಬ್’ ಎಂದು ಪ್ರಾಸವಾಗಿ ಹಾಡುವುದು ಸುಲಭ. ಆದರೆ ಕಬ್ ಎಂದರೇನು ಎಂದು ಕೇಳಿದಾಗ ತರಗತಿ ಸುಮ್ಮನಾಯಿತು. ಪ್ರಾಸ ಓದನ್ನು ಕಲಿಸುತ್ತದೆ, ಅರ್ಥವನ್ನು ವಾಕ್ಯವೇ ಕಲಿಸಬೇಕು. ‘ಪ್ಲೇನ್’ ದರ್ಪಣದ ಪಾಠದಲ್ಲಿ ಸಮತಲ, ಆಕಾಶದಲ್ಲಿ ವಿಮಾನ, ಬಡಗಿಯ ಕೈಯಲ್ಲಿ ಮರ ನಯಗೊಳಿಸುವ ಕೀಸುಳಿ. ಯಾವುದೆಂದು ಹೇಳುವುದು ಅಕ್ಕಪಕ್ಕದ ಪದಗಳು.

ನಿಯಮ ಹೇಳಿಕೊಟ್ಟ ಮರುದಿನವೇ ಒಬ್ಬ ಹುಡುಗ ‘ಹ್ಯಾವ್’ ಎಂಬುದನ್ನು ‘ಹೇವ್’ ಎಂದು ಓದಿದ. ಅವನ ತರ್ಕ ಸರಿಯಾಗಿತ್ತು. ಹ್ಯಾವ್, ಗಿವ್, ಲವ್ ಪದಗಳಲ್ಲಿ ‘ಇ’ ಬಂದಿರುವುದಕ್ಕೆ ಕಾರಣವೇ ಬೇರೆ. ಇಂಗ್ಲಿಷ್ ಕಾಗುಣಿತ ಸಾಮಾನ್ಯವಾಗಿ ಪದವನ್ನು ‘ವಿ’ ಅಕ್ಷರದಲ್ಲಿ ಮುಗಿಸುವುದಿಲ್ಲ; ಸ್ವರ ಹ್ರಸ್ವವಾದರೂ ‘ಇ’ ಸೇರಿಸುತ್ತದೆ. ಕಮ್, ಸಮ್, ಡನ್ ಸಹ ನಿಯಮಕ್ಕೆ ಹೊರಗಿನವು. ಇಂಥವನ್ನು ಗೋಡೆಯ ಪಟ್ಟಿಯಲ್ಲಿ ಬರೆದಿಟ್ಟು ನೋಡಿಯೇ ಗುರುತಿಸುವಂತೆ ಮಾಡಬೇಕು. ಒಂದು ಪದವನ್ನಂತೂ ಎರಡು ಬಗೆಯಲ್ಲಿ ಓದಬೇಕಾಗುತ್ತದೆ: ಕ್ರಿಯಾಪದವಾದರೆ ‘ಲಿವ್’, ಬದುಕು ಅಥವಾ ವಾಸಿಸು, ವಿದ್ಯುತ್ ಪಾಠದಲ್ಲಿ ‘ಲೈವ್ ವೈರ್’, ವಿದ್ಯುತ್ ವಿಭವವಿರುವ ತಂತಿ. ಇದನ್ನು ಹೇಳಿಕೊಡಲು ಇಂಗ್ಲಿಷ್ ಶಿಕ್ಷಕರಿಗಾಗಿ ಕಾಯುವಂತಿಲ್ಲ.

ಈಗ ನನ್ನ ಪಾಠಯೋಜನೆಯಲ್ಲಿ ‘ಕಲಿಕೋಪಕರಣಗಳು’ ಎಂಬುದರ ಕೆಳಗೆ ಒಂದು ಸಾಲು ಹೆಚ್ಚಾಗಿದೆ: ಅಂದಿನ ಪಾಠದಲ್ಲಿ ಬರುವ ಕಿರುಪದಗಳು, ಅವನ್ನು ಹೋಲುವ ಪದಗಳು. ಬರೆಯಲು ಐದು ನಿಮಿಷ ಸಾಕು. ಸೂಚನಾ ಕಾರ್ಡು ಹಂಚಿದ ಮೇಲೆ ಒಮ್ಮೆ ಮಕ್ಕಳಿಂದಲೇ ಗಟ್ಟಿಯಾಗಿ ಓದಿಸುತ್ತೇನೆ. ಅದೇ ಗುಂಪು ಮುಂದಿನ ವಾರ ಚಟುವಟಿಕೆಯನ್ನು ಮತ್ತೆ ಮಾಡಿತು. ಕೋಷ್ಟಕದ ಒಂದು ಮನೆಯೂ ಖಾಲಿ ಇರಲಿಲ್ಲ.