ಕೇಳದೆ ಬರೆದ ನಾಲ್ಕು ಸಾಲು

ನಂಜನಗೂಡು: ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿಕೊಳ್ಳದೆ ಅಚ್ಚು ಕೊಳ್ಳುವ ಅಂಗಡಿಯವರು ನಮ್ಮ ಪೇಟೆಯಲ್ಲಿ ಯಾರಾದರೂ ಇದ್ದಾರೆಯೆ? ಅಕ್ಕಿಯನ್ನು ಅಂಗೈಯಲ್ಲಿ ಉಜ್ಜಿ ನೋಡದೆ ಮೂಟೆ ಇಳಿಸಿಕೊಳ್ಳುವವರು? ಇಲ್ಲ ತಾನೆ! ಆದರೆ ಇದೇ ಅಂಕಣದಲ್ಲಿ ನಾನು ಆ ಕೆಲಸ ಮಾಡಿದ್ದೆ. ರುಚಿ ನೋಡದೆ ಬೆಲೆ ಕಟ್ಟಿದ್ದೆ. ಅದರ ಲೆಕ್ಕ ಈಗ ಒಪ್ಪಿಸುತ್ತಿದ್ದೇನೆ, ಓದುಗರು ಕೇಳಬೇಕು.

ಎರಡು ವರ್ಷದ ಹಿಂದಿನ ಮಾತು. ಗಣೇಶನ ಹಬ್ಬ. ನಂಜನಗೂಡಿನ ಒಂದು ಬೀದಿಯಲ್ಲಿ ನಾಲ್ವರು ಹುಡುಗರು ಗಿಟಾರು, ಡ್ರಮ್ಮು ಇಟ್ಟುಕೊಂಡು ಸ್ಟೇಜು ಹತ್ತಿದ್ದರಂತೆ. ಅರ್ಧ ಗಂಟೆ ಬಾರಿಸಿದರಂತೆ. ಜನ ಕಿವಿ ಮುಚ್ಚಿಕೊಂಡರಂತೆ. ಇಷ್ಟನ್ನು ಯಾರೋ ಫೋನಿನಲ್ಲಿ ಹೇಳಿದರು. ನಾನು ಆಗ ತಿ. ನರಸೀಪುರದ ಬಸ್ಸಿನಲ್ಲಿದ್ದೆ. ಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಜಾಗ ಖಾಲಿ ಉಳಿದಿತ್ತು. ‘ಗಣೇಶನ ಮುಂದೆ ಗದ್ದಲ’ ಎಂದು ತಲೆಬರಹ ಕೊಟ್ಟೆ. ಮೂರು ‘ಅಂತೆ’ಗಳನ್ನೂ ಕಿತ್ತುಹಾಕಿ, ಕಣ್ಣಾರೆ ಕಂಡವನ ಹಾಗೆ ಬರೆದು ಕಳಿಸಿಬಿಟ್ಟೆ.

ಸಂಜೆ ಪತ್ರಿಕೆಯ ಆಯುಸ್ಸು ಎಷ್ಟು ಸ್ವಾಮಿ? ಬೆಳಗಾದರೆ ಅದರಲ್ಲಿ ಬೋಂಡ ಕಟ್ಟಿರುತ್ತಾರೆ. ನಾನೂ ಮರೆತೆ.

ಬಸ್ಸಿನಲ್ಲಿ ಸಿಕ್ಕ ಹುಡುಗ

ಮರೆಯದವನೊಬ್ಬ ಈಚೆಗೆ ಬಸ್ಸಿನಲ್ಲಿ ಸಿಕ್ಕಿದ. ಕೈಗಾರಿಕಾ ಪ್ರದೇಶದಲ್ಲಿ ಪ್ರೆಸ್ ಮಿಷನ್ ನಡೆಸುವ ಹುಡುಗ. ಊರು ನರಸೀಪುರದ ಕಡೆ. ದಿನಾ ಬಸ್ಸಿನಲ್ಲಿ ಹೋಗಿ ಬರುವವನು.

“ಸಾ, ನೀವು ಪೇಪರ್‌ನೋರಲ್ವಾ?”

“ಹೌದು ಕಣಪ್ಪ.”

“ಅವತ್ತು ಗಣೇಶನ ತಾವು ಬಂದಿದ್ರಾ ಸಾ?”

“ಇಲ್ಲ.”

“ಮತ್ತೆ ಕಿವಿ ಮುಚ್ಕಂಡವ್ರ ನೋಡಿದ್ದು ಯಾರು?”

ಬಸ್ಸು ತುಂಬಿತ್ತು. ಇಳಿದು ಹೋಗಲು ಜಾಗವಿರಲಿಲ್ಲ. ಅವನು ದನಿ ಏರಿಸದೆ ಉಳಿದದ್ದನ್ನು ಹೇಳಿದ. ಆ ನಾಲ್ವರು ನರಸೀಪುರದಲ್ಲಿ ಒಬ್ಬ ವರ್ತಕರ ಗೋಡೌನಿನಲ್ಲಿ ಭಾನುವಾರ ಅಭ್ಯಾಸ ಮಾಡುತ್ತಿದ್ದರು. ನನ್ನ ನಾಲ್ಕು ಸಾಲು ಓದಿದ ಯಜಮಾನರು ಮಾರನೆ ದಿನವೇ ಬೀಗ ಹಾಕಿದರು. ಓಟಿ ಮಾಡಿ ಕೂಡಿಸಿದ ದುಡ್ಡಿನಲ್ಲಿ ತಂದಿದ್ದ ಡ್ರಮ್ ಸೆಟ್ಟನ್ನು ಇಡಲು ಜಾಗವಿಲ್ಲದೆ ಮಾರಿದರು. ಇಬ್ಬರು ಬೆಂಗಳೂರು ಸೇರಿದರು.

ತಪ್ಪಾಯಿತಪ್ಪ ಅಂದೆ. “ಅದು ಬ್ಯಾಡ ಸಾ. ನಾಕು ಆಲ್ಬಂ ಹೇಳ್ತೀನಿ, ಪೂರ್ತಿ ಕೇಳಿ. ಬಯ್ಯದಾದ್ರೆ ಆಮೇಲೆ ಬಯ್ರಿ” ಅಂದ.

ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು. ಇಂಗ್ಲಿಷು ಅಷ್ಟಕ್ಕಷ್ಟೆ. ಸಂಗೀತವೆಂದರೆ ಅಣ್ಣಾವ್ರ ಹಾಡು, ದೊಡ್ಡ ಜಾತ್ರೆಯ ತಮಟೆ. ಆದರೂ ಒಪ್ಪಿಕೊಂಡೆ. ಮೂರು ವಾರ ನಂಜನಗೂಡು-ನರಸೀಪುರ ಬಸ್ಸಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಕೂತೆ. ವಿಮರ್ಶೆ ಹೀಗಿದೆ.

ಬೆರಳು ತುಂಡಾದವನ ಗಿಟಾರು

ಮೊದಲನೆಯದು ‘ಬ್ಲ್ಯಾಕ್ ಸಬತ್’. ಬ್ಯಾಂಡಿನ ಹೆಸರೂ ಅದೇ, ಮೊದಲ ಆಲ್ಬಮ್ಮಿನ ಹೆಸರೂ ಅದೇ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆ ಊರಿನ ನಾಲ್ವರು 1969ರಲ್ಲಿ ಒಂದೇ ದಿನದಲ್ಲಿ ರೆಕಾರ್ಡ್ ಮಾಡಿದ್ದು. 1970ರ ಫೆಬ್ರವರಿ 13ರಂದು ಹೊರಬಂತು. ಹೆವಿ ಮೆಟಲ್ ಎಂಬ ಜಾತಿಗೆ ಇದೇ ತಾಯಿಬೇರು ಎನ್ನುತ್ತಾರೆ.

ಗಿಟಾರಿನ ಟೋನಿ ಅಯೋಮಿ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಕೆಲಸ ಬಿಡುವ ಕೊನೆಯ ದಿನ, ಹದಿನೇಳರ ವಯಸ್ಸಿನಲ್ಲಿ, ಮಿಷನ್ನಿಗೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋಯಿತು. ಎಡಚನಾದ್ದರಿಂದ ತಂತಿ ಒತ್ತುವ ಕೈ ಅದೇ. ಇನ್ನು ಗಿಟಾರು ಮುಗಿಯಿತು ಎಂದು ಕೂತವನಿಗೆ ಕಾರ್ಖಾನೆಯ ಮೇಸ್ತ್ರಿ ಒಂದು ರೆಕಾರ್ಡ್ ತಂದು ಕೇಳಿಸಿದ. ಜಾಂಗೊ ರೈನ್‌ಹಾರ್ಟ್ ಎಂಬಾತ ಬೆಂಕಿಯಲ್ಲಿ ಕೈ ಸುಟ್ಟು, ಎರಡೇ ಬೆರಳಲ್ಲಿ ನುಡಿಸುತ್ತಿದ್ದ ಗಿಟಾರು ಅದರಲ್ಲಿತ್ತು. ಅಯೋಮಿ ಪಾತ್ರೆ ತೊಳೆಯುವ ಸೋಪಿನ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ. ಒತ್ತಲು ಹಗುರಾಗಲೆಂದು ತೆಳು ತಂತಿ ಹಾಕಿದ, ಮುಂದೆ ತಂತಿಯನ್ನು ಸಡಿಲವೂ ಮಾಡಿದ. ಆ ಸಡಿಲ ತಂತಿಯ ಭಾರವಾದ ದನಿಯನ್ನು ಲೋಕವೆಲ್ಲ ನಕಲು ಮಾಡಿತು. ಮಿಷನ್ ಮುಂದೆ ನಿಲ್ಲುವವರಿಗೆ ಈ ಕತೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಆಲ್ಬಮ್ಮು ಮಳೆ, ಗುಡುಗು, ಚರ್ಚಿನ ಗಂಟೆಯಿಂದ ಶುರು. ಆಮೇಲೆ ಗಿಟಾರು ಮೂರೇ ಸ್ವರವನ್ನು ನಿಧಾನವಾಗಿ ಎಳೆಯುತ್ತದೆ. ಮೊದಲ ಸಲ ಹೆದರಿದೆ, ಮೂರನೆ ಸಲ ಕಾಯತೊಡಗಿದೆ. ಆ ಕಾಲದ ದೊಡ್ಡ ವಿಮರ್ಶಕರು ಇದನ್ನು ಹಳಿದು ಬರೆದಿದ್ದರು. ಜನ ಕೊಂಡರು. ಹಾಡುಗಾರ ಆಝಿ ಆಸ್‌ಬರ್ನ್ 2025ರ ಜುಲೈ 5ರಂದು ತನ್ನೂರಿನಲ್ಲೇ ಕೊನೆಯ ಕಛೇರಿ ಕೊಟ್ಟು, 22ರಂದು ತೀರಿಕೊಂಡ. ಮೈದಾನ ತುಂಬಿತ್ತು. ಹಳಿದವರ ಹೆಸರು ಇವತ್ತು ಎಷ್ಟು ಜನಕ್ಕೆ ನೆನಪಿದೆ?

29 ನಿಮಿಷಕ್ಕೆ 14 ಹಾಡು

ಎರಡನೆಯದು ‘ರಮೋನ್ಸ್’, ನ್ಯೂಯಾರ್ಕ್, 1976. ಇದು ಪಂಕ್. ನಾಲ್ವರೂ ರಮೋನ್ ಎಂದು ಮನೆಹೆಸರು ಇಟ್ಟುಕೊಂಡಿದ್ದರು, ಅಣ್ಣತಮ್ಮಂದಿರೇನಲ್ಲ. 14 ಹಾಡು, ಒಟ್ಟು 29 ನಿಮಿಷ. ನರಸೀಪುರ ಅರ್ಧ ದಾರಿ ಇರುವಾಗಲೇ ಆಲ್ಬಮ್ಮು ಖತಂ.

ಮೆಟಲ್‌ಗೂ ಪಂಕ್‌ಗೂ ವ್ಯತ್ಯಾಸವೇನು? ನನಗೆ ತಿಳಿದಷ್ಟು ಹೇಳುತ್ತೇನೆ. ಮೆಟಲ್‌ನವನು ಕೈ ಪಳಗಿಸಿಕೊಂಡು ಬರುತ್ತಾನೆ. ಪಂಕ್‌ನವನು ಬಂದಷ್ಟರಲ್ಲೇ ಶುರು ಮಾಡುತ್ತಾನೆ. ಮೂರು ಪಟ್ಟು ಬಂದರೆ ಸಾಕು, ಹಾಡು ಕಟ್ಟು ಎನ್ನುವ ಪಂಗಡ ಅದು. ಸತ್ಯ ಹೇಳಬೇಕೆಂದರೆ ಏಳನೆ ಹಾಡಿನ ಹೊತ್ತಿಗೆ ಕೇಳಿದ್ದನ್ನೇ ಕೇಳಿದ ಹಾಗಾಯಿತು. ಆದರೆ ಇಳಿದು ಮನೆಗೆ ನಡೆಯುವಾಗ ಕಾಲು ಅದೇ ತಾಳ ಹಾಕುತ್ತಿತ್ತು.

ಇದರ ಜೊತೆಯ ಒಂದು ಸಂಗತಿ ನನಗೆ ಹತ್ತಿರವಾಯಿತು. 1976ರಲ್ಲೇ ಲಂಡನ್ನಿನಲ್ಲಿ ಮಾರ್ಕ್ ಪೆರಿ ಎಂಬ ಬ್ಯಾಂಕ್ ಗುಮಾಸ್ತ ಈ ಹಾಡುಗಳ ಬಗ್ಗೆ ತಾನೇ ಬರೆದು, ಜೆರಾಕ್ಸ್ ಮಾಡಿಸಿ, ಪಿನ್ನು ಹೊಡೆದು ಪತ್ರಿಕೆ ಮಾಡಿದ. ಸಂಗೀತ ಪಂಡಿತನಲ್ಲ. ಕೇಳಿದ್ದನ್ನು ಕೇಳಿದ ಹಾಗೆ ಬರೆದ, ಅಷ್ಟೆ. ದೊಡ್ಡ ಪತ್ರಿಕೆಗಳು ತಿರುಗಿ ನೋಡದ ಬ್ಯಾಂಡುಗಳ ಹೆಸರು ಅಂಥ ಜೆರಾಕ್ಸ್ ಹಾಳೆಗಳಲ್ಲಿ, ಅಂಚೆಯಲ್ಲಿ ಕೈ ಬದಲಾಗುತ್ತಿದ್ದ ಕ್ಯಾಸೆಟ್ಟುಗಳಲ್ಲಿ ಊರೂರು ಸುತ್ತಿತು. ಇದನ್ನೇ ‘ಅಂಡರ್‌ಗ್ರೌಂಡ್’ ಎನ್ನುವುದು. ಭೂಗತ ಅಂದ ಕೂಡಲೆ ನಮ್ಮ ಕೈ ಕ್ರೈಂ ಸುದ್ದಿ ಕಡೆ ಹೋಗುತ್ತದೆ. ಇಲ್ಲಿ ಅರ್ಥ ಬೇರೆ. ರೇಡಿಯೋ ಹಾಕದ್ದು, ಪೇಟೆಯಲ್ಲಿ ಬೋರ್ಡಿಲ್ಲದ್ದು, ಕೈದುಡ್ಡಿನಿಂದ ನಡೆಯುವುದು.

ಬೆಂಗಳೂರಿನ ಬೇವಾರ್ಸಿಗಳು

ಇದೆಲ್ಲ ಬಿಳಿಯರ ಗಲಾಟೆ, ನಮಗ್ಯಾಕೆ ಅಂತೀರಾ? ನಾನೂ ಹಾಗೇ ಅಂದಿದ್ದೆ. ಹುಡುಗ ನಕ್ಕು ಮೂರನೆಯದನ್ನೂ ನಾಲ್ಕನೆಯದನ್ನೂ ಕೊಟ್ಟ. ಎರಡೂ ಬೆಂಗಳೂರಿನವು.

‘ಕ್ರಿಪ್ಟೋಸ್’ 1998ರಲ್ಲಿ ಶುರುವಾದ ಬ್ಯಾಂಡು. ಮೊದಲ ಆಲ್ಬಮ್ಮು ‘ಸ್ಪೈರಲ್ ಅಸೆಂಟ್’ 2004ರಲ್ಲಿ ಬಂತು. ಆಗ ನಮ್ಮಲ್ಲಿ ಇಂಥದ್ದಕ್ಕೆ ಕಂಪನಿ ಎಲ್ಲಿತ್ತು? ಬಿಡದೆ ನಡೆಸಿಕೊಂಡು ಬಂದು 2013ರಲ್ಲಿ ಜರ್ಮನಿಯ ವಾಕನ್ ಮೆಟಲ್ ಜಾತ್ರೆಯಲ್ಲಿ ನುಡಿಸಿದರು. ನಾನು ಕೇಳಿದ್ದು 2016ರ ‘ಬರ್ನ್ ಅಪ್ ದಿ ನೈಟ್’. ಜರ್ಮನಿಯ ಕಂಪನಿ ಹೊರತಂದದ್ದು. ಎರಡು ಗಿಟಾರು ಜೋಡೆತ್ತಿನ ಹಾಗೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ಓಡುತ್ತವೆ. ‘ಫುಲ್ ಥ್ರಾಟಲ್’ ಎಂಬ ಹಾಡಿದೆ, ನಮ್ಮ ಸಂಜೆಯ ಕೊನೆ ಬಸ್ಸಿನ ಡ್ರೈವರಣ್ಣನಿಗೆ ಒಪ್ಪುವ ಹೆಸರು. ದೋಷ ಹೇಳಬೇಕೆಂದರೆ, 1980ರ ದಶಕದ ಇಂಗ್ಲೆಂಡಿನ ದಾರಿಯಲ್ಲೇ ನಡೆಯುತ್ತಾರೆ, ಪಕ್ಕದ ಓಣಿಗೆ ತಿರುಗುವುದಿಲ್ಲ. ಆದರೆ ಆ ದಾರಿಯ ಪ್ರತಿ ಗುಂಡಿಯೂ ಅವರಿಗೆ ಗೊತ್ತು. 2024ರ ‘ಡೆಸಿಮೇಟರ್’ವರೆಗೂ ಅದೇ ಪಟ್ಟು. ಅಂಗಡಿ ಬಾಗಿಲು ತೆಗೆದು ಇಷ್ಟು ವರ್ಷ ಮುಚ್ಚದೆ ನಡೆಸುವುದು ಸುಲಭವಲ್ಲ ಎಂಬುದು ನಿಮಗೇ ಗೊತ್ತು.

ನಾಲ್ಕನೆಯ ಬ್ಯಾಂಡಿನ ಹೆಸರು ‘ಬೇವರ್ ಸೀ’. ಜೋರಾಗಿ ಹೇಳಿ ನೋಡಿ. ಬೇವರ್ಸಿ! ವಾರಸುದಾರರಿಲ್ಲದವನು ಎಂದು ನಾವು ದಿನಾ ಬಯ್ಯುವ ಬೈಗುಳವನ್ನೇ ಇಂಗ್ಲಿಷ್ ಕಾಗುಣಿತದಲ್ಲಿ ಬರೆದು ಬೋರ್ಡು ಹಾಕಿಕೊಂಡಿದ್ದಾರೆ. 2012ರಲ್ಲಿ ಬಂದ ಮೊದಲ ಆಲ್ಬಮ್ಮಿನ ಮೊದಲ ಹಾಡಿನ ಹೆಸರು ‘ಅಬಿಷ್ಟು’. ಬಸ್ಸಿನಲ್ಲಿ ಒಬ್ಬನೇ ನಕ್ಕಿದ್ದಕ್ಕೆ ಪಕ್ಕದವರು ದಿಟ್ಟಿಸಿ ನೋಡಿದರು. ನಾಲ್ಕೇ ಹಾಡು, ಒಂದೊಂದೂ ಉದ್ದ, ಕೆಸರಿನಲ್ಲಿ ಹೂತ ಗಾಡಿ ಎಳೆಯುವಷ್ಟು ನಿಧಾನ, ಅಷ್ಟೇ ಭಾರ. ಹಳೆಯ ಬ್ಲ್ಯಾಕ್ ಸಬತ್‌ನ ನೆರಳು ಕಾಣುತ್ತದೆ. ನಾಲ್ಕರಲ್ಲಿ ನನಗೆ ಮೆಚ್ಚಿಗೆಯಾದದ್ದು ಇದೇ. ಆಕ್ಷೇಪವೂ ಇದರ ಮೇಲೇ. ಹೆಸರು ಕನ್ನಡ, ಹಾಡು ಇಂಗ್ಲಿಷು. ಬಯ್ಯಲು ಕನ್ನಡ ಒಗ್ಗುತ್ತದೆ ಅಂದಮೇಲೆ ಹಾಡಲು ಯಾಕೆ ಒಗ್ಗುವುದಿಲ್ಲ?

ಇನ್ನು ಆ ಕರ್ಕಶ ಗಂಟಲು. ಮೊದಮೊದಲು ಸಹಿಸಲಾಗಲಿಲ್ಲ. ಆಮೇಲೆ ಚಿಕ್ಕಲ್ಲೂರು ಜಾತ್ರೆ ನೆನಪಾಯಿತು. ನಮ್ಮ ನೀಲಗಾರರು ತಂಬೂರಿ, ಡಕ್ಕೆ, ಗಗ್ಗರ ಹಿಡಿದು ಮಂಟೇಸ್ವಾಮಿಯ ಕತೆ ರಾತ್ರಿಯೆಲ್ಲ ಹಾಡುವಾಗ ಬೆಳಗಿನ ಜಾವಕ್ಕೆ ಗಂಟಲು ಯಾವ ಸ್ಥಿತಿಯಲ್ಲಿರುತ್ತದೆ? ಆ ಒಡಕು ದನಿಯನ್ನು ನಾವು ದೋಷವೆಂದು ಎಣಿಸುತ್ತೇವೆಯೆ? ಆ ಕತೆಯಲ್ಲಿ ಮಂಟೇಸ್ವಾಮಿ ಕೊಳಕು ವೇಷದಲ್ಲಿ ಕಲ್ಯಾಣಕ್ಕೆ ಬರುತ್ತಾನೆ. ಒಂದು ಲಕ್ಷದ ತೊಂಬತ್ತಾರು ಸಾವಿರ ಜಂಗಮರು ಮೂಗು ಮುಚ್ಚಿಕೊಳ್ಳುತ್ತಾರೆ, ಒಳಗೆ ಬಿಡುವುದಿಲ್ಲ. ನಾನು ಯಾರ ಸಾಲಿನಲ್ಲಿ ನಿಂತಿದ್ದೆ ಎಂದು ಅವತ್ತು ಬಸ್ಸಿನಲ್ಲಿ ಗೊತ್ತಾಯಿತು.

ಐದನೆಯದು

ನಾಲ್ಕೂ ಮುಗಿಯಿತು ಕಣಪ್ಪ ಎಂದಾಗ ಹುಡುಗ ತನ್ನ ಫೋನು ತೆಗೆದ. “ಇದೊಂದು ಕೇಳಿ ಸಾ. ಅವತ್ತಿಂದೇಯ.” ಗಣೇಶನ ರಾತ್ರಿ ಯಾರೋ ಹಿಡಿದದ್ದು, ಒಂದೂವರೆ ನಿಮಿಷ. ಅವರೇ ಕಟ್ಟಿದ ಹಾಡು. ಅದೂ ಕನ್ನಡದ್ದು! ಮೂರನೆ ಶಿಫ್ಟು ಮುಗಿಸಿ ಬರುವವನಿಗೆ ಕೋಳಿ ಕೂಗುವ ಹೊತ್ತೇ ಮಲಗುವ ಹೊತ್ತು ಎಂಬ ಅರ್ಥದ್ದು.

ವಿಮರ್ಶೆ: ಗಿಟಾರಿನ ಶ್ರುತಿ ಸರಿಯಿಲ್ಲ. ಡ್ರಮ್ಮು ಹಾಡಿಗಿಂತ ಮುಂದೆ ಓಡುತ್ತದೆ. ಮೈಕು ಎರಡು ಸಲ ಕುಯ್‌ಗುಟ್ಟುತ್ತದೆ. ಆದರೆ ಅದು ಹಾಡು. ನಮ್ಮ ಕೈಗಾರಿಕಾ ಪ್ರದೇಶದ ಮೇಲೆ ಹಾಡು ಕಟ್ಟಿದವರನ್ನು ನಾನು ಬೇರೆ ಕಂಡಿಲ್ಲ. ಕೊನೆಯಲ್ಲಿ ಚಿಕ್ಕಮಕ್ಕಳು “ಒನ್ಸ್ ಮೋರ್” ಎಂದು ಕಿರುಚುತ್ತಾರೆ. ಒಬ್ಬ ಅಜ್ಜಿ “ಸಾಕು ನಿಲ್ಲಿಸ್ರೋ, ತಲೆ ಸಿಡೀತದೆ” ಅನ್ನುವುದೂ ಕೇಳುತ್ತದೆ. ಎರಡನ್ನೂ ಬರೆದಿದ್ದರೆ ಅದು ಸುದ್ದಿಯಾಗುತ್ತಿತ್ತು.

ಮೊನ್ನೆ ನರಸೀಪುರಕ್ಕೆ ಹೋಗಿ ಗೋಡೌನ್ ಯಜಮಾನರನ್ನು ಕಂಡೆ. “ನಿಮ್ಮ ಪೇಪರ್ ನೋಡೇ ತಾನೆ ಬೀಗ ಹಾಕಿದ್ದು? ಅಕ್ಕಪಕ್ಕದೋರು ನನ್ನ ಕೇಳಲ್ವಾ?” ಅಂದರು. ತಪ್ಪು ನನ್ನದು, ಕೇಳದೆ ಬರೆದಿದ್ದೆ ಎಂದೆ. ಯಜಮಾನರು ಸುಮ್ಮನೆ ಬಾಗಿಲು ತೆಗೆದು ತೋರಿಸಿದರು. ಒಳಗೆ ತೊಲೆವರೆಗೂ ಗೊಬ್ಬರದ ಮೂಟೆ. “ಈಗ ಜಾಗ ಎಲ್ಲದೆ ಹೇಳಿ. ಹುಡುಗರು ಒಳ್ಳೇವ್ರೇ, ಬಾಡಿಗೆ ಒಂದು ದಿನ ತಪ್ಪಿಸ್ನಿಲ್ಲ” ಅಂದರು.

ಆದ್ದರಿಂದ ಎರಡು ಮಾತು. ಒಂದು, ಗಣೇಶನ ಮುಂದೆ ಗದ್ದಲ ನಡೆಯಿತೆಂದು ಈ ಅಂಕಣದಲ್ಲಿ ಬಂದದ್ದು ಕೇಳಿ ಬರೆದದ್ದಲ್ಲ, ತಪ್ಪು. ಎರಡು, ಮನೆಗಳಿಂದ ದೂರ ಇರುವ ಖಾಲಿ ಶೆಡ್ಡು, ಹಳೇ ರೈಸ್‌ಮಿಲ್ಲು ಯಾರಲ್ಲಾದರೂ ಇದ್ದರೆ, ಭಾನುವಾರ ಹಗಲು ಮೂರು ಗಂಟೆ ಕೊಡುವ ಮನಸ್ಸಿದ್ದರೆ, ನಮ್ಮ ಕಚೇರಿಗೆ ತಿಳಿಸಿ. ಬಾಡಿಗೆ ಕೊಡುತ್ತಾರೆ. ಉಳಿದಿರುವವರು ಇಬ್ಬರೇ. ಡ್ರಮ್ಮು ಇನ್ನೂ ಇಲ್ಲ.